ಕೂಡಿಸದೆ ಬಿಟ್ಟ ಬಿಸಿಲು

ಎಂಬತ್ತನಾಲ್ಕರ ಬೇಸಿಗೆ. ಬಾದಾಮಿಯ ಕೆಂಪು ಬಂಡೆಯ ನೆತ್ತಿಯ ಮೇಲೆ ತೆಳ್ಳನೆಯ ಬಿಳಿ ಮೋಡ ಹರಡಿದ್ದು ಕಂಡಾಗಲೇ ಅಂದಪ್ಪ ಮಾಸ್ತರರು ಜೇಬಿನಲ್ಲಿ ಸೀಮೆಸುಣ್ಣ ತಡಕಿದರು. ಮೋಡ ಬರುವುದಕ್ಕೆ ಇವತ್ತೇ ಆಗಬೇಕಿತ್ತೇ?

ರಂಗವ್ವ ಮಹಿಳಾ ಮಂಡಳದ ಅಧ್ಯಕ್ಷೆ. ಸೊಸೆ ಹುಚ್ಚವ್ವನ ಕಣ್ಣು ಒಲೆಯ ಹೊಗೆಗೆ ಸದಾ ಕೆಂಪಗೆ ಸೋರುವುದನ್ನು ನೋಡಲಾರದೆ ಆಕೆ ಬಾಗಲಕೋಟೆಯಿಂದ ಬಿಸಿಲ ಒಲೆಯೊಂದನ್ನು ಪರೀಕ್ಷೆಗೆಂದು ತರಿಸಿದ್ದಳು. ಒಳಗೆ ಕಪ್ಪು ಬಳಿದ ಪೆಟ್ಟಿಗೆ, ಮೇಲೆ ಗಾಜು, ಮುಚ್ಚಳಕ್ಕೆ ಕನ್ನಡಿ. ಮಧ್ಯಾಹ್ನ ಮಂಡಳದ ಹೆಂಗಸರು ಊಟಕ್ಕೆ ಬರುವವರಿದ್ದರು. ಬೇಳೆ ಬೆಂದರೆ ಒಲೆ ಉಳಿಯುತ್ತದೆ. ಬೇಯದಿದ್ದರೆ ನಾಳೆಯ ಬಸ್ಸಿಗೆ ವಾಪಸು.

ಬೇಯುತ್ತದೆಂದು ಮಾತು ಕೊಟ್ಟವರು ಅಂದಪ್ಪ ಮಾಸ್ತರರೇ. ಸಂಜೆ ಕಾಲೇಜಿನಲ್ಲಿ ಕಲಿತ ಲೆಕ್ಕ ಸುಲಭದ್ದು: ಮೋಡವಿಲ್ಲದ ದಿನ ನೆಲಕ್ಕೆ ಬೀಳುವ ಬಿಸಿಲು ಇಷ್ಟೆಂದು ಹಿಡಿಯುವುದು, ಧೂಳಿಗೆ, ಮೋಡಕ್ಕೆ ಒಂದಿಷ್ಟು ಕಳೆಯುವುದು. ರಂಗವ್ವನ ಅಂಗಳದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಹಾಸುಗಲ್ಲಿನ ಮೇಲೆ ಸೀಮೆಸುಣ್ಣದಿಂದ ಬರೆದು ಕಳೆದರು. ಸಾಲದೆನಿಸಿ ಗಾಜಿಗೂ ಕಳೆದರು. ತಮ್ಮ ಮೇಲೆ ತಮಗೇ ನಂಬಿಕೆ ಸಾಲದೆ ಧೂಳಿಗೆ ಇನ್ನೊಮ್ಮೆ ಕಳೆದರು.

"ಬೇಯಂಗಿಲ್ರಿ, ರಂಗವ್ವಾರ. ಕಟಗಿ ಒಲಿ ಹಚ್ಚಿಸಿಬಿಡ್ರಿ."

ನೆರೆಮನೆಯ ಜೋಹರಾ ಗೋಡೆಯಾಚೆಯಿಂದ ನಕ್ಕಳು. "ನಿನ್ನಿ ಬೇಯ್ತೈತಿ ಅಂದಿದ್ರಿ. ಬ್ಯಾಳಿಗಿಂತ ಮೊದಲ ಮಾಸ್ತರ ಮಾತ ಮೆತ್ತಗಾತು!"

ರಂಗವ್ವ ನಗಲಿಲ್ಲ. ಕಲ್ಲಿನ ಮೇಲೆ ಸಣ್ಣದಾಗುತ್ತ ಹೋದ ಅಂಕಿಗಳನ್ನೇ ನೋಡಿದಳು. "ಬರೇ ಕಳಕೋಂತ ಹೊಂಟೀರಲ್ರಿ. ಕೂಡಿಸೂದು ಏನೂ ಇಲ್ಲೇನ?"

ಮಾಸ್ತರರು ತಲೆಯೆತ್ತಿ ಮೋಡವನ್ನು ಮತ್ತೊಮ್ಮೆ ನೋಡಿದರು. ತೆಳು ಮೋಡ ಬಿಸಿಲನ್ನೆಲ್ಲ ನುಂಗುವುದಿಲ್ಲ. ಬಹುಪಾಲನ್ನು ಚದುರಿಸಿ ಎಲ್ಲ ದಿಕ್ಕಿನಿಂದ ಕೆಳಗೆ ಕಳಿಸುತ್ತದೆ. ಅದಕ್ಕೆ ತನ್ನದೇ ಕಾವೂ ಇದೆ. ಮಾಳಿಗೆಯ ಮೇಲೆ ಮಲಗಿದಾಗ ಮೋಡ ಕವಿದ ರಾತ್ರಿ ಕೌದಿ ಬೇಡವೆನಿಸುತ್ತಿತ್ತಲ್ಲ! ಅಂಥ ದಿನ ಪೆಟ್ಟಿಗೆಯಿಂದ ಆಕಾಶಕ್ಕೆ ಸೋರುವ ಕಾವೂ ಕಡಿಮೆ. ಮನೆಯ ಹಿಂದಿನ ಬಂಡೆಯಂತೂ ನಿನ್ನೆಯ ಬಿಸಿಯನ್ನು ಇನ್ನೂ ಬಿಟ್ಟುಕೊಟ್ಟಿಲ್ಲ. ಇದಾವುದನ್ನೂ ಅವರು ಕೂಡಿಸಿರಲಿಲ್ಲ.

ಧೂಳಿಗೆ ಎರಡನೆಯ ಸಲ ಕಳೆದದ್ದನ್ನು ಅಂಗೈಯಿಂದ ಒರೆಸಿ ಮತ್ತೆ ಬರೆದರು. ಬಂದ ಅಂಕಿ ದೊಡ್ಡದಲ್ಲ, ಆದರೆ ಸಾಕಾದೀತು.

"ಪೆಟಗಿ ಹಿಂದಿನ ಬಂಡಿಗಲ್ಲಿನ ಬುಡಕ ಇಡೋಣ್ರಿ. ತಡಾ ಆಗ್ತೈತಿ, ಆದ್ರ..." ಮಾಸ್ತರರು ಮತ್ತೆ ಅಂಕಿಯ ಕಡೆ ಬಗ್ಗಿದರು.

"ಆದ್ರ ಬೇಯ್ತೈತಿ" ಎಂದು ರಂಗವ್ವ ಮುಗಿಸಿ, ಪೆಟ್ಟಿಗೆಯ ಒಂದು ತುದಿ ಹಿಡಿದಳು.

ಹೆಂಗಸರು ಬಂದರು, ರೊಟ್ಟಿ ಬಿಚ್ಚಿಟ್ಟು ಕಾದರು, ಆಕಳಿಸಿದರು. ಮಾಸ್ತರರು ಗಾಜಿನತ್ತ ನೋಡಲಾರದೆ ಬೇಲಿಯ ಕಡೆ ಮುಖ ಮಾಡಿ ನಿಂತರು. ಹೊತ್ತು ವಾಲಿದ ಮೇಲೆ ಹುಚ್ಚವ್ವ ಗಾಜು ಎತ್ತಿ ಪಾತ್ರೆಯ ಮುಚ್ಚಳ ತೆಗೆದಳು. ಹಬೆ ಎದ್ದಿತು. ಬೇಳೆಯೊಂದನ್ನು ಬೆರಳಲ್ಲಿ ಹಿಚುಕಿದಳು, ಅದು ಮೆತ್ತಗೆ ಒಡೆಯಿತು.

ಜೋಹರಾ ಎಲ್ಲರಿಗಿಂತ ಮೊದಲು ರುಚಿ ನೋಡಿದಳು. "ಒಂದೀಟ ಹಲ್ಲಿಗೆ ಹತ್ತತೈತಿ. ಇರ್ಲಿ, ನನ್ನ ಮನಿಗೂ ಒಂದ ತರಸ್ರಿ."

"ನಾಳಿ ಬಸ್ಸಿಗೆ ಈ ಪೆಟಗಿ ಹೋಗಂಗಿಲ್ಲ" ಎಂದಳು ರಂಗವ್ವ. ಪಕ್ಕದಲ್ಲಿ ಹುಚ್ಚವ್ವ ಬಡಿಸುತ್ತಿದ್ದಳು. ಆ ಹೊತ್ತಿನ ಮಟ್ಟಿಗೆ ಅವಳು ಸೆರಗಿನಿಂದ ಕಣ್ಣೊರೆಸಿಕೊಳ್ಳಲಿಲ್ಲ.

ತಾಟು ಮುಂದಿಟ್ಟುಕೊಂಡೂ ಮಾಸ್ತರರು ಆಕಾಶ ನೋಡಿದರು. "ನಾಳಿ ಮೋಡ ಇನ್ನೂ ದಪ್ಪಾದ್ರ, ರಂಗವ್ವಾರ?"

"ಅದನ್ನ ನಾಳಿ ಕಳೀರಂತ. ಇವತ್ತ ಉಣ್ರಿ."