ಬೇಲಿಯಾಚೆಯ ಹಳದಿ ಅಂಗಿ

ಸೈಕಲ್ ಓಟದವರಿಗೆ ಇಳಿದುಕೊಳ್ಳಲು ಮನೆ ಹುಡುಕುತ್ತ ಬಂದ ಸಮಿತಿಯವರು ಅನಂತಮೂರ್ತಿಯವರ ಮನೆಯಲ್ಲಿ ಮೊದಲು ನೋಡಿದ್ದು ದೇವರ ಕೋಣೆಯನ್ನಲ್ಲ, ಪಾಯಖಾನೆಯನ್ನು. ಕುರ್ಚಿಯ ಹಾಗೆ ಕೂರುವ ಕಮೋಡು ಇದೆಯೇ ಎಂಬುದೊಂದೇ ಅವರ ಪ್ರಶ್ನೆ. ಇತ್ತು. ಹೆಂಡತಿ ಮಹಾಲಕ್ಷ್ಮಿಗೆ ಮೊಣಕಾಲು ಬಗ್ಗದೆ ಹೋದಾಗ ಹಾಕಿಸಿದ್ದು. ಅವಳು ಅದನ್ನು ಬಳಸಿದ್ದು ಕೆಲವೇ ತಿಂಗಳು. ಅವಳು ತೀರಿಕೊಂಡು ಇನ್ನೂ ವರ್ಷಾಂತಿಕವಾಗಿರಲಿಲ್ಲ.

ಬೇಲಿಯಾಚೆ ಇರುವುದು ಶ್ರೀರಾಮನ ಮನೆ. ಶ್ರೀರಾಮ ಅವರ ಚಿಕ್ಕಪ್ಪನ ಮಗ. ಅವನ ಮನೆಯಲ್ಲಿ ಯಾರ ಮೊಣಕಾಲಿಗೂ ಏನೂ ಆಗಿರಲಿಲ್ಲ. ಆದರೂ ಅಣ್ಣನ ಮನೆಗೆ ಕಮೋಡು ಬಂದ ಮರುತಿಂಗಳೇ ಅವನ ಮನೆಗೂ ಬಂದಿತ್ತು. ಅನಂತಮೂರ್ತಿಯವರು ಆಗ ಇದನ್ನು ಹೆಂಡತಿಗೆ ಹೇಳಿಕೊಂಡು ಬಹಳ ನಕ್ಕಿದ್ದರು. ಈಗ ಆ ನಗೆಯ ಫಲ ಎದುರಿಗೆ ಬಂದು ನಿಂತಿತು. ಸಮಿತಿಯವರು ಎರಡೂ ಮನೆಗಳಿಗೆ ಒಬ್ಬೊಬ್ಬ ಸವಾರನನ್ನು ಗೊತ್ತುಮಾಡಿದರು.

ಬೆಳಗಾವಿಯಿಂದ ಹೊರಟು ಘಟ್ಟ ಹತ್ತಿ, ಘಟ್ಟ ಇಳಿದು, ಕುಮಟೆಯ ಮೇಲೆ ಬಂದ ಆ ಓಟ ಭಟ್ಕಳ ದಾಟಿ ಮಂಗಳೂರಿಗೆ ಹೋಗಬೇಕಾಗಿತ್ತು. ನಡುವೆ ಹೊನ್ನಾವರದಲ್ಲಿ ಒಂದು ದಿನ ವಿಶ್ರಾಂತಿ. ಮದುವೆಯ ಕಾಲವಾದ್ದರಿಂದ ವಸತಿಗೃಹಗಳೆಲ್ಲ ಭರ್ತಿಯಾಗಿದ್ದವು. ಸವಾರರು ಸಂಜೆ ಬಂದರು. ಶ್ರೀರಾಮನ ಮನೆಗೆ ಬಂದವನು ನರೇಶ, ಪುಣೆಯ ಕಡೆಯವನು. ಓಟದಲ್ಲಿ ಎಲ್ಲರಿಗಿಂತ ಮುಂದಿರುವವನು ತೊಡುವ ಹಳದಿ ಅಂಗಿ ಅವನ ಮೈಮೇಲಿತ್ತು. ಅನಂತಮೂರ್ತಿಯವರ ಮನೆಗೆ ಬಂದವನು ವಿಜಯಪುರದ ಕಡೆಯ ಈರಣ್ಣ. ಅವನದು ನೀಲಿ ಅಂಗಿ. ಇಬ್ಬರದೂ ಒಂದೇ ತಂಡ.

ಕತ್ತಲಾಗುವ ಮೊದಲೇ ಶ್ರೀರಾಮ ಬೇಲಿಯ ಹತ್ತಿರ ಬಂದ.

"ಅಣ್ಣಾ, ನಿಂಗಳ ಮನೆಗೆ ಬಂದವ ಎಷ್ಟನೆಯವ ಹೇಳಿ ಗೊತ್ತಿದ್ದಾ?"

"ಗೊತ್ತಿಲ್ಲೆ. ಆನು ಕೇಳಿದ್ದಿಲ್ಲೆ."

"ಎಂಬತ್ತೊಂಬತ್ತನೆಯವ ಅಡ. ನಮ್ಮನೆಯವ ಒಂದನೆಯವ."

ಅನಂತಮೂರ್ತಿಯವರಿಗೆ ಸಂಧ್ಯಾವಂದನೆಯಲ್ಲಿ ಮನಸ್ಸು ನಿಲ್ಲಲಿಲ್ಲ. ಆಚಮನಕ್ಕೆ ತೆಗೆದುಕೊಂಡ ನೀರು ಕೈಯಲ್ಲೇ ಉಳಿಯಿತು. ಕೊನೆಗೆ ಅತಿಥಿಯನ್ನೇ ಕೇಳಿದರು, ಇಷ್ಟು ಜನ ಮುಂದೆ ಇರುವಾಗ ಹೀಗೆ ಹಿಂದೆ ಉಳಿಯಲು ಕಾರಣವೇನು, ಮೈಗೆ ಹುಷಾರಿಲ್ಲವೇ ಎಂದು. ಈರಣ್ಣನಿಗೆ ಬೇಸರವೇನೂ ಆಗಲಿಲ್ಲ.

"ನಂದು ಗೆಲ್ಲೋ ಕೆಲಸ ಅಲ್ರೀ ಅಜ್ಜಾರ. ನರೇಶಗ ಗಾಳಿ ಬಡೀಲಾರದಂಗ ಮುಂದ ಹೋಗೋದು, ಅಂವಗ ನೀರು ತಂದು ಕೊಡೋದು. ಅದಕ್ಕ ನನಗ ಪಗಾರ. ಅಂವಾ ಗೆದ್ದರ ನಾ ಗೆದ್ದಂಗ."

ಇದನ್ನು ಕೇಳಿ ಅವರ ಹೊಟ್ಟೆಯಲ್ಲಿ ಇನ್ನಷ್ಟು ಉರಿ ಎದ್ದಿತು. ಬೇಲಿಯಾಚೆಗೆ ಯಜಮಾನ, ಈಚೆಗೆ ಅವನ ನೀರು ಹೊರುವವ. ಸಮಿತಿಯವರು ಬೇಕೆಂದೇ ಮಾಡಿದರೋ ಏನೋ. ಶ್ರೀರಾಮನಿಗೆ ಸಮಿತಿಯಲ್ಲಿ ಪರಿಚಯದವರಿದ್ದರು ಎಂಬುದು ಅವರಿಗೆ ಆಗ ನೆನಪಾಯಿತು. ಇಲ್ಲದಿದ್ದರೆ ನೆನಪಾಗುತ್ತಿರಲಿಲ್ಲ.

ಮಾರನೆಯ ದಿನ ಏಕಾದಶಿ. ಅನಂತಮೂರ್ತಿಯವರು ಸ್ನಾನ ಮುಗಿಸಿ ಹೊರಗೆ ಬರುವಾಗ ಅತಿಥಿ ಬಿಗಿಯಾದ ಚಡ್ಡಿ ತೊಟ್ಟು, ತಲೆಗೆ ಟೊಪ್ಪಿ ಇಟ್ಟು ಜಗಲಿಯಿಂದ ಸೈಕಲ್ ಇಳಿಸುತ್ತಿದ್ದ. ವಿಶ್ರಾಂತಿಯ ದಿನ ಎತ್ತ ಹೊರಟೆ ಎಂದು ಕೇಳಿದರೆ, ಕಾಲಿಗೆ ಪೂರ್ತಿ ರಜೆ ಕೊಟ್ಟರೆ ಮಾರನೆಯ ದಿನ ಕಾಲು ಮಾತು ಕೇಳುವುದಿಲ್ಲ, ಮಾವಳ್ಳಿಯವರೆಗೆ ಸುಮ್ಮನೆ ಹೋಗಿ ಬರುತ್ತೇವೆ ಎಂದ. ಅನಂತಮೂರ್ತಿಯವರು ಅವನ ಕಾಲನ್ನು ನೋಡಿದರು. ಒಂದು ಕೂದಲಿಲ್ಲ. ನುಣ್ಣಗೆ ಬೋಳಿಸಿತ್ತು.

"ತಲೆ ಬೋಳಿಸೂದು ಕೇಳಿದ್ದೆ ಮಾರಾಯ. ಕಾಲು ಬೋಳಿಸೂದು ಯಾವ ದೇವರ ಹರಕೆ?"

ಈರಣ್ಣ ನಕ್ಕುಬಿಟ್ಟ. ಎಣ್ಣೆ ತಿಕ್ಕುವವನ ಕೈ ಸಲೀಸಾಗಿ ಆಡಲಿ ಎಂದು, ಬಿದ್ದರೆ ಗಾಯ ತೊಳೆಯಲು ಸುಲಭವಾಗಲಿ ಎಂದು ಬೋಳಿಸುತ್ತಾರಂತೆ. ಅಷ್ಟರಲ್ಲಿ ಆಚೆಯಿಂದ ಕರೆ ಬಂತು. ಅವನು ಎರಡು ಬಾಟಲಿಗೆ ನೀರು ತುಂಬಿಸಿಕೊಂಡು ಹೊರಟ. ಒಂದು ತನ್ನದು, ಒಂದು ನರೇಶನದು.

ಅವರು ಮರಳಿ ಬರುವಾಗ ಬಿಸಿಲು ಏರಿತ್ತು. ಅಲ್ಲಿಂದ ಮುಂದೆ ಅನಂತಮೂರ್ತಿಯವರ ಕಣ್ಣು ಬೇಲಿಯನ್ನು ಬಿಟ್ಟು ಈಚೆಗೆ ಬರಲಿಲ್ಲ. ಕೈಯಲ್ಲಿ ಸಹಸ್ರನಾಮದ ಪುಸ್ತಕವಿತ್ತು. ಬಾಯಿಯಲ್ಲಿ ನಾಮಗಳೂ ಇದ್ದವು. ಆದರೆ ಶ್ರೀರಾಮನ ಅಂಗಳದಲ್ಲಿ ಮಂಚ ಹಾಕಿ, ಅದರ ಮೇಲೆ ನರೇಶನನ್ನು ಮಲಗಿಸಿ, ತಂಡದ ಒಬ್ಬ ಆಳು ಅವನ ಕಾಲನ್ನು ಚಪಾತಿಯ ಹಿಟ್ಟಿನ ಹಾಗೆ ನಾದುತ್ತಿದ್ದ. ಅದನ್ನು ನೋಡಲು ಬೀದಿಯ ಜನ ನೆರೆದಿದ್ದರು. ಬಂದವರಿಗೆ ಶ್ರೀರಾಮ ಎಳನೀರು ಕೊಡುತ್ತಿದ್ದ. 'ನಮ್ಮ ನರೇಶ' ಎನ್ನುತ್ತಿದ್ದ. ಬಾರದ ಹಿಂದಿಯಲ್ಲಿ ಘಟ್ಟದ ತಿರುವುಗಳ ವಿಷಯವನ್ನು ಅವನಿಗೇ ವಿವರಿಸುತ್ತಿದ್ದ. ಆ ತಿರುವುಗಳಲ್ಲಿ ಶ್ರೀರಾಮ ಬಸ್ಸಿನಲ್ಲಿ ಹೋದಾಗಲೆಲ್ಲ ವಾಂತಿ ಮಾಡಿಕೊಂಡದ್ದು ಅನಂತಮೂರ್ತಿಯವರಿಗೆ ಚೆನ್ನಾಗಿ ಗೊತ್ತಿತ್ತು.

ಒಗೆದ ಹಳದಿ ಅಂಗಿಯನ್ನು ಶ್ರೀರಾಮ ರಸ್ತೆಗೆ ಕಾಣುವ ಹಗ್ಗದ ಮೇಲೆ ಹರವಿದ್ದ. ಜನ ಅದರ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಅನಂತಮೂರ್ತಿಯವರ ಹಗ್ಗದ ಮೇಲೆ ಈರಣ್ಣನ ನೀಲಿ ಅಂಗಿ ಇತ್ತು. ಅದರ ಪಕ್ಕಕ್ಕೆ ಒಬ್ಬ ಬಂದ. ಸ್ವಲ್ಪ ಸರಿಸಿ ಕೊಡಿ, ಹಳದಿಯದು ಮರೆಯಾಗುತ್ತದೆ ಎಂದ. ಅನಂತಮೂರ್ತಿಯವರು ಸರಿಸಲಿಲ್ಲ. ಒಣಗಿದ ಮೇಲೂ ತೆಗೆಯಬೇಡ ಎಂದು ಸೊಸೆ ಅಮೂಲ್ಯಾಳಿಗೆ ಹೇಳಿದರು.

ಮಧ್ಯಾಹ್ನ ಈರಣ್ಣ ಕೈಕಾಲು ತೊಳೆದು ಬಂದು ಅಡುಗೆಮನೆಯ ಬಾಗಿಲ ಕಡೆ ನೋಡಿದ. ಅನಂತಮೂರ್ತಿಯವರು ಗಂಭೀರವಾಗಿ, ಇಂದು ಏಕಾದಶಿ, ಈ ಮನೆಯಲ್ಲಿ ಉಪವಾಸ ಎಂದರು. ಹುಡುಗನ ಮುಖ ಬಿದ್ದುಹೋಯಿತು. ಜಗಲಿಯ ಕಟ್ಟೆಯ ಮೇಲೆ ಕೂತು ಬಾಟಲಿಯಿಂದ ನೀರು ಕುಡಿದ.

ಸರಿಯಾಗಿ ಆಗಲೇ ಆಚೆಯಿಂದ ಒಗ್ಗರಣೆಯ ಪರಿಮಳ ಬಂತು. ಸಕ್ಕರೆ ಕಾಯಿಲೆ ಶುರುವಾದ ಮೇಲೆ ಶ್ರೀರಾಮ ಏಕಾದಶಿ ಬಿಟ್ಟಿದ್ದ. ಅವನ ಹೆಂಡತಿ ಶಾಂಭವಿ ಬೇಲಿಯ ಮೇಲಿನಿಂದ ಮುಖ ತೋರಿಸಿದಳು.

"ಭಾವಾ, ನಿಂಗ್ಳ ಮನೆಲಿ ಇಂದು ಒಲೆ ಇಲ್ಲೆ ಹೇಳಿ ಗೊತ್ತಿದ್ದು. ಹುಡುಗನ್ನ ಇತ್ಲಾಗೆ ಕಳ್ಸಿ. ಹೋಳಿಗೆ ಮಾಡಿದ್ದೆ."

ಅವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಅದೇ ಅವರಿಗೆ ಹೆಚ್ಚು ಚುಚ್ಚಿತು. ಮಹಾಲಕ್ಷ್ಮಿ ಇದ್ದಷ್ಟು ಕಾಲ ಈ ಮನೆಗೆ ಬಂದವರು ಬೇರೆ ಮನೆಯಲ್ಲಿ ಉಂಡದ್ದಿಲ್ಲ. ಅವಳು ಹೋದ ಮೇಲೆ ಬಂದ ಮೊದಲ ಅತಿಥಿ ಇವನು. ಇವನೇ ಬೇಲಿ ದಾಟಿ ಹೋಗಿ ಉಂಡರೆ, ಇನ್ನು ಅವಳ ಮನೆ ಎಂದು ಹೇಳಿಕೊಳ್ಳಲು ಇಲ್ಲಿ ಏನು ಉಳಿಯಿತು?

"ಬ್ಯಾಡ. ಅವಂಗೆ ನಮ್ಮನೆಲೇ ಆತು," ಎಂದುಬಿಟ್ಟರು.

ಹೇಳಿದ ಮೇಲೆ ಅಮೂಲ್ಯಾಳ ಮುಖ ನೋಡಿದರು. ಅವಳಿಗೆ ನಗು ಬಂದಿತ್ತು, ತಡೆದುಕೊಂಡಳು.

"ಮಾವ, ಅತ್ತೆಯ ಏಕಾದಶಿ ಮರ್ತು ಹೋತಾ ನಿಂಗಕ್ಕೆ?"

ಮರೆತಿರಲಿಲ್ಲ. ನೆನಪು ಮಾಡಿಕೊಳ್ಳದೆ ಇದ್ದರು, ಅಷ್ಟೆ. ಮಹಾಲಕ್ಷ್ಮಿಯ ಉಪವಾಸವೆಂದರೆ ಊರಿಗೆಲ್ಲ ಗೊತ್ತಿದ್ದ ಉಪವಾಸ. ಅಕ್ಕಿ ತೊಳೆಯಬಾರದು ಎಂಬುದೊಂದೇ ನಿಯಮ. ಅವಲಕ್ಕಿಯನ್ನು ಒದ್ದೆ ಮಾಡಬಹುದು. ಬೆಲ್ಲ ತೆಂಗಿನಕಾಯಿ ಹಾಕಿದ ಅವಲಕ್ಕಿ, ಬೇಯಿಸಿದ ಗೆಣಸು, ಸಾಬಕ್ಕಿಯ ಖಿಚಡಿ, ಕಾಯಿಹಾಲು ಸುರಿದ ಬಾಳೆಹಣ್ಣಿನ ರಸಾಯನ. ಉಳಿದ ದಿನಗಳಲ್ಲಿ ಊಟ ಮಾಡಿ ಏಳುವುದಕ್ಕಿಂತ ಏಕಾದಶಿಯಂದು ಉಪವಾಸ ಮಾಡಿ ಏಳುವುದಕ್ಕೆ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಅವಳು ಹೋದ ಮೇಲೆ ಅನಂತಮೂರ್ತಿಯವರು ಅದನ್ನೆಲ್ಲ ನಿಲ್ಲಿಸಿ, ತುಳಸಿ ನೀರು ಮತ್ತು ಸಂಜೆಗೊಂದು ಬಾಳೆಹಣ್ಣು ಎಂದು ಮಾಡಿಕೊಂಡಿದ್ದರು. ಅವರ ಎದುರಿಗೆ ಉಣ್ಣಲು ಸಂಕೋಚಪಟ್ಟು ಮಗ ಅನೂಪ ಏಕಾದಶಿಯಂದು ಕುಮಟೆಯ ಕಚೇರಿಯ ಹತ್ತಿರವೇ ಊಟ ಮಾಡಿ ಬರುತ್ತಿದ್ದ. ಅಮೂಲ್ಯಾ ಏನು ತಿನ್ನುತ್ತಿದ್ದಳೋ ಅವರು ಕೇಳಿರಲಿಲ್ಲ.

"ಅವಳು ಮಾಡ್ತಿದ್ದ ಹಂಗೇ ಮಾಡು," ಎಂದರು. "ಏಲಕ್ಕಿ ಕಡಿಮೆ ಮಾಡೂದು ಬ್ಯಾಡ."

ಅಮೂಲ್ಯಾ ಎಲೆ ಹಾಕಿದಳು. ಈರಣ್ಣ ಮೊದಲು ಸಂಶಯದಿಂದ ಗೆಣಸನ್ನು ಮುಟ್ಟಿದ. ಆಮೇಲೆ ಅವನು ತಲೆಯೆತ್ತಲಿಲ್ಲ. ಗೆಣಸು ಹೋಯಿತು, ಖಿಚಡಿ ಹೋಯಿತು, ಅವಲಕ್ಕಿ ಎರಡು ಸಲ ಬಂತು. ಓಟದವರ ಹೊಟ್ಟೆ ಎಷ್ಟು ದೊಡ್ಡದು ಎಂಬುದನ್ನು ಅನಂತಮೂರ್ತಿಯವರು ಸಂತೋಷದಿಂದ ನೋಡಿದರು. ಬೇಲಿಯಾಚೆಯವರೂ ನೋಡುವಂತೆ ಜಗಲಿಯಲ್ಲಿಯೇ ಎಲೆ ಹಾಕಿಸಿದ್ದರು.

ರಸಾಯನದ ಮೊದಲ ಸೌಟು ಬೀಳುವಾಗ ಈರಣ್ಣ ತಡೆಯಲಾರದೆ ಕೇಳಿದ.

"ಇದು ಉಪವಾಸೇನ್ರೀ ಅಜ್ಜಾರ?"

"ಹೌದು. ನೀನು ಬೆಳಿಗ್ಗೆ ಮಾಡಿದ್ದು ವಿಶ್ರಾಂತಿ ಆದರೆ, ಇದು ಉಪವಾಸ."

ಆಚೆ ಅಷ್ಟೊಂದು ಸುಖವಿರಲಿಲ್ಲ. ತಂಡದ ಉಸ್ತುವಾರಿಯವನು ತಕ್ಕಡಿ ಹಿಡಿದು ಬಂದಿದ್ದ. ತುಪ್ಪ ಹಚ್ಚಿದ ಹೋಳಿಗೆಯನ್ನು ನೋಡಿ ಬೇಡವೆಂದು ಕೈಯಲ್ಲಾಡಿಸಿದ. ಕರಿದದ್ದಕ್ಕೂ ಇಲ್ಲವೆಂದ. ಹಳದಿ ಅಂಗಿಯವನ ಎದುರಿಗೆ ತೂಗಿಟ್ಟ ಬಿಳಿ ಅನ್ನವೂ ಬೇಯಿಸಿದ ತರಕಾರಿಯೂ ಇದ್ದವು. ಮಾಡಿದ ಹೋಳಿಗೆಯನ್ನು ಶಾಂಭವಿ ಮುಚ್ಚಿಟ್ಟಳು. ನರೇಶ ಮೂಗೆತ್ತಿ ಈಚೆ ನೋಡಿದ. ಈಚೆಯ ಏಲಕ್ಕಿಯ ಪರಿಮಳ ಬೇಲಿಯನ್ನು ಕೇಳಿ ನಿಲ್ಲುವಂಥದ್ದಲ್ಲ. ಅವನು ತನ್ನ ಭಾಷೆಯಲ್ಲಿ ಈರಣ್ಣನನ್ನು ಕೂಗಿ, ಅದೇನು ತಿನ್ನುತ್ತಿದ್ದೀ, ಇತ್ತ ತಾ ಎಂದ.

ಈರಣ್ಣ ಕೈಯಲ್ಲಿದ್ದ ತುತ್ತನ್ನು ಎಲೆಗೆ ಬಿಟ್ಟು ಎದ್ದ. ಯೋಚಿಸಲೂ ಇಲ್ಲ. ದಿನವೂ ಹಾಗೆಯೇ ಮಾಡಿ ರೂಢಿಯಾಗಿತ್ತು.

ಅನಂತಮೂರ್ತಿಯವರು ಕೈ ಅಡ್ಡ ಹಿಡಿದರು. ಈ ಮನೆಯಲ್ಲಿ ಬಡಿಸಿದ ಎಲೆಯನ್ನು ಬಿಟ್ಟು ನಡುವೆ ಎದ್ದವರಿಲ್ಲ. ಅದೂ ಆ ಮನೆಗಾಗಿ!

"ಕೂತ್ಕ. ಎಲೆ ಬಿಟ್ಟು ಏಳೂಲಾಗ."

"ಅಂವಾ ಕರದಾನ್ರೀ ಅಜ್ಜಾರ. ನಾ ಕೊಡಲಿಲ್ಲಂದ್ರ ಯಾರ ಕೊಡ್ತಾರ?"

ಹುಡುಗ ಅರ್ಧ ಎದ್ದು, ಅರ್ಧ ಕೂತು ನಿಂತಿದ್ದ. ಬೇಲಿಯಾಚೆ ಶ್ರೀರಾಮ ಇದನ್ನೆಲ್ಲ ನೋಡುತ್ತ ನಗುತ್ತಿದ್ದ. ಅನಂತಮೂರ್ತಿಯವರು ಒಮ್ಮೆ ಆ ಎಲೆಯನ್ನು ನೋಡಿದರು. ಮಹಾಲಕ್ಷ್ಮಿ ಇದ್ದಿದ್ದರೆ ಏನು ಮಾಡುತ್ತಿದ್ದಳೆಂದು ಅವರಿಗೆ ತಿಳಿದಿತ್ತು. ಅದು ಅವರಿಗೆ ಇಷ್ಟವಿರಲಿಲ್ಲ, ಆದರೆ ತಿಳಿದಿತ್ತು.

"ಆನು ಕೊಡ್ತೆ. ನೀನು ಉಣ್ಣು."

ಅಮೂಲ್ಯಾಳ ಕೈಯಿಂದ ಪಾತ್ರೆಯನ್ನೂ ಸೌಟನ್ನೂ ತೆಗೆದುಕೊಂಡು ಅಂಗಳಕ್ಕೆ ಇಳಿದರು. ಬೇಲಿಯಲ್ಲಿ ಒಂದು ಕಂಡಿ ಇತ್ತು. ಮಹಾಲಕ್ಷ್ಮಿಯೂ ಶಾಂಭವಿಯೂ ದಿನಕ್ಕೆ ಹತ್ತು ಸಲ ಅದರಲ್ಲಿ ಓಡಾಡುತ್ತಿದ್ದರು. ಇತ್ತೀಚೆಗೆ ಬಳ್ಳಿ ಹಬ್ಬಿ ಅರ್ಧ ಮುಚ್ಚಿತ್ತು. ಅನಂತಮೂರ್ತಿಯವರು ಬಳ್ಳಿಯನ್ನು ಮೊಣಕೈಯಿಂದ ಸರಿಸಿ, ತಲೆ ತಗ್ಗಿಸಿ ದಾಟಿದರು.

"ಎಂತ ಅಣ್ಣಾ, ನಿಂಗನೇ ಹೊತ್ಕಂಡು ಬಂದದ್ದು?" ಎಂದ ಶ್ರೀರಾಮ.

"ನಮ್ಮನೆಯವ ಊಟಕ್ಕೆ ಕೂತಿದ್ದ. ಅವ ಏಳುವ ಹಂಗಿಲ್ಲೆ. ಇಂದು ಅವನ ಕೆಲಸ ನಂದು."

ಉಸ್ತುವಾರಿಯವನು ಪಾತ್ರೆಯೊಳಗೆ ಇಣುಕಿ ಇದರಲ್ಲಿ ಏನೇನಿದೆ ಎಂದು ವಿಚಾರಿಸಿದ. ಬಾಳೆಹಣ್ಣು, ಬೆಲ್ಲ, ಕಾಯಿಹಾಲು ಎಂದು ಕೇಳಿ ತಲೆದೂಗಿದ. ನರೇಶ ಬಟ್ಟಲು ಒಡ್ಡಿದ. ಎರಡು ಸೌಟು ಬಿತ್ತು. ಅವನು ಮತ್ತೆ ಬಟ್ಟಲು ಒಡ್ಡಿದ. ಅನಂತಮೂರ್ತಿಯವರು ಪಾತ್ರೆಯನ್ನು ಎದೆಗೆ ಒತ್ತಿಕೊಂಡು, ಉಳಿದದ್ದು ಈರಣ್ಣನದು ಎಂದರು. ಇದನ್ನು ಹಿಂದಿಯಲ್ಲಿ ಹೇಳಬೇಕಾದವನು ಶ್ರೀರಾಮ. ಹೇಳಿದನೋ ಇಲ್ಲವೋ ತಿಳಿಯದು, ಏಕೆಂದರೆ ಅವನ ಕಣ್ಣೂ ಪಾತ್ರೆಯಲ್ಲಿಯೇ ಇತ್ತು. ಬಹಳ ದಿನಗಳಿಂದ ಅವನು ಈ ರಸಾಯನ ತಿಂದಿರಲಿಲ್ಲ. ಅನಂತಮೂರ್ತಿಯವರು ಒಂದು ಕ್ಷಣ ಆಲೋಚಿಸಿ, ಅವನ ಅಂಗೈಗೂ ಒಂದು ಸೌಟು ಹಾಕಿದರು.

ಮರಳಿ ಬಂದಾಗ ಈರಣ್ಣ ಎಲೆಯ ಮುಂದೆಯೇ ಕೂತಿದ್ದ, ಆದರೆ ಉಂಡಿರಲಿಲ್ಲ. ಅವನ ಪಕ್ಕದಲ್ಲಿ ಅಮೂಲ್ಯಾ ಯಾರನ್ನೂ ಕೇಳದೆ ಇನ್ನೊಂದು ಎಲೆ ಹಾಕಿದ್ದಳು.

"ನೀವೂ ಉಪವಾಸ ಮಾಡ್ರಿ ಅಜ್ಜಾರ," ಎಂದ ಈರಣ್ಣ. "ಒಬ್ಬನ ಮಾಡಾಕ ಬ್ಯಾಸರ."

ಅನಂತಮೂರ್ತಿಯವರು ಪಾತ್ರೆಯನ್ನು ಅಮೂಲ್ಯಾಳಿಗೆ ಕೊಟ್ಟರು. ಆಮೇಲೆ ಕೂತು ಎಲೆಗೆ ನೀರು ಸುತ್ತಿದರು. ರಸಾಯನ ಬಾಯಿಗಿಟ್ಟರು. ಏಲಕ್ಕಿ ಸರಿಯಾಗಿತ್ತು.

ಆಗ ಆಚೆಯಿಂದ ಶಾಂಭವಿಯ ದನಿ ಕೇಳಿತು. ಗಂಡನ ಅಂಗೈಯನ್ನು ಅವಳು ನೋಡಿದ್ದಳು. ಸಕ್ಕರೆ ಕಾಯಿಲೆ ಇಟ್ಟುಕೊಂಡು ನಾಲಿಗೆಯ ಚಪಲ ಇನ್ನೂ ಹೋಗಿಲ್ಲವೆಂದೂ, ರಾತ್ರಿ ಕಾಲು ಉರಿಯುತ್ತದೆ ಎಂದು ತನ್ನ ಹತ್ತಿರ ಬರಬಾರದೆಂದೂ ಒಂದೇ ಸಮನೆ ಬೈಯತೊಡಗಿದಳು. ಶ್ರೀರಾಮ ಏನೋ ಹೇಳಲು ಹೋದ. ಅವಳು ಬಿಡಲಿಲ್ಲ.

ಅನಂತಮೂರ್ತಿಯವರ ಕೈ ಎಲೆಯ ಮೇಲೆ ನಿಂತಿತು. ನಿನ್ನೆಯಿಂದ ಹಳದಿ ಅಂಗಿಯನ್ನೂ, ಮಂಚವನ್ನೂ, ನೆರೆದ ಜನರನ್ನೂ ನೋಡಿ ಪಟ್ಟ ಹೊಟ್ಟೆಕಿಚ್ಚೆಲ್ಲ ಇದರ ಮುಂದೆ ಏನೂ ಅಲ್ಲವೆನಿಸಿತು. ಈಚೆಯ ಮನೆಯಲ್ಲಿ ಹಾಗೆ ಬೈಯುವವಳು ಈಗ ಇರಲಿಲ್ಲ. ಆ ಬೈಗುಳ ನಿಲ್ಲುವವರೆಗೂ ಕಿವಿಗೊಟ್ಟು ಕೂತರು. ನಿಂತ ಮೇಲೆ ಬೇಲಿಯಾಚೆಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದರು.

"ಅಮೂಲ್ಯಾ, ಇವಂಗೆ ಇನ್ನೊಂದು ಸೌಟು ಬಡಿಸು. ನಂಗೂ ಹಾಕು. ನಮ್ಮನೆಲಿ ಬೇಕಾದಷ್ಟು ಇದ್ದು."