ಒಬ್ಬರೇ ಕೂರುವ ದೋಣಿ

ಹರಿಗೋಲಿಗೆ ಇಬ್ಬರು ಬೇಕು. ಒಬ್ಬರು ಹುಟ್ಟು ಹಾಕಬೇಕು, ಇನ್ನೊಬ್ಬರು ಬಲೆ ಬಿಡಬೇಕು. ಒಬ್ಬರೇ ಕೂತು ಬಲೆಗೆ ಕೈ ಹಾಕಿದರೆ ಅದು ಬೀಸುಕಲ್ಲಿನ ಹಾಗೆ ನಿಂತಲ್ಲೇ ಸುತ್ತುತ್ತದೆ. ಯಗಚಿ ಹಿನ್ನೀರಿನ ದಡದಲ್ಲಿ ಎಲ್ಲರಿಗೂ ಗೊತ್ತಿದ್ದ ಈ ಮಾತನ್ನು ಮೀನುಗಾರರ ಸಂಘದ ಅಧ್ಯಕ್ಷ ರೇವಣಸಿದ್ದಪ್ಪ ಮಾರಮ್ಮನಿಗೆ ಹೊಸ ವಿಷಯವೆಂಬಂತೆ ಹೇಳಿದ. ಗಂಡ ಮರಿಯಣ್ಣ ತೀರಿಕೊಂಡ ಮೇಲೆ ಮೀನು ಹಿಡಿಯುವ ಪಾಸು ಅವಳ ಹೆಸರಿಗೆ ಬಂದಿತ್ತು. ಮಳೆಗಾಲದ ರಜೆ ಮುಗಿದು ನೀರಿಗಿಳಿಯುವ ಮೊದಲ ದಿನ ಪಾಸಿದ್ದವರೆಲ್ಲ ಸಂಘದವರ ಕಣ್ಣೆದುರಿಗೆ ಬಲೆ ಬಿಟ್ಟು, ಎಳೆದು ತೋರಿಸಬೇಕು. ಅದು ಅಲ್ಲಿಯ ಕಟ್ಟಳೆ. ಆಗದಿದ್ದರೆ ಪಾಸು ಬೇರೆಯವರ ಪಾಲು. ಜೊತೆ ಹುಡುಕಿಕೋ, ಇಲ್ಲವೇ ಬಿಟ್ಟುಕೊಡು ಎಂದ.

ಹಟ್ಟಿಯಲ್ಲಿ ಓದಿದವರು ನೌಕರಿಗೆ ಹೋಗಿದ್ದರು, ಉಳಿದವರಿಗೆ ನೀರು ಗೊತ್ತಿರಲಿಲ್ಲ. ಮಾರಮ್ಮ ಮೇಲಿನ ಬೀದಿಯ ಗಂಗಾಧರಯ್ಯನನ್ನು ಕೇಳಿದಳು. ಜೊತೆಗಿದ್ದ ಅವನ ತಮ್ಮ ಮೀನಿನ ಕೆಲಸ ಬಿಟ್ಟುಹೋಗಿದ್ದರಿಂದ ಅವನ ಹರಿಗೋಲೂ ದಡದಲ್ಲಿ ಬೋರಲು ಬಿದ್ದಿತ್ತು. ಅವನು ನೆಲ ನೋಡುತ್ತಾ, ಮನೆಯಲ್ಲಿ ಒಪ್ಪುವುದಿಲ್ಲ ಎಂದ. ಅವಳು ಹಿಡಿದ ಕಾಟ್ಲಾ ಮೀನು ಎಷ್ಟು ಸಲ ಅವನ ಮನೆಯ ಒಲೆಯ ಮೇಲೆ ಕುದಿದಿತ್ತೋ! ಅವಳ ಕೈಯ ಮೀನು ಹೊಟ್ಟೆಗೆ ಇಳಿಯುತ್ತಿತ್ತು. ಅವಳ ಪಕ್ಕದಲ್ಲಿ ಮೊಣಕಾಲು ತಾಗಿಸಿ ಕೂರುವುದು ಮಾತ್ರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು.

ಅರಸೀಕೆರೆಯಲ್ಲಿ ಗುಮಾಸ್ತನಾಗಿದ್ದ ತಂಗಿಯ ಮಗ ಸಿದ್ಧಾರ್ಥ ಹೇಳಿಕಳಿಸಿದ. ರೈಲ್ವೆ ಸ್ಟೇಷನ್ನಿನ ಹಿಂದಿನ ಗುಜರಿ ಅಂಗಡಿಗೆ, ಕಾರವಾರದ ಕಡೆ ಮುಚ್ಚಿಹೋದ ಯಾವುದೋ ರೆಸಾರ್ಟಿನ ಎರಡು ಪ್ಲಾಸ್ಟಿಕ್ ದೋಣಿ ಬಂದಿದ್ದವು. ಕಯಾಕ್ ಅಂತ ಅವುಗಳ ಹೆಸರು. ಮಾರಮ್ಮ ಮೇಕೆ ಮಾರಿ ಬಸ್ಸು ಹತ್ತಿದಳು.

ಒಂದು ಉದ್ದನೆಯದು, ನೀಲಿ ಬಣ್ಣ, ಇಬ್ಬರಿಗೆ ಜಾಗ. ಇನ್ನೊಂದು ಗಿಡ್ಡ, ಅಗಲ, ಬಿಸಿಲಿಗೆ ಬಿಳಿಚಿದ ಹಳದಿ, ನಡುವೆ ಕೂರಲು ಒಂದೇ ಕುಳಿ. ಉದ್ದನೆಯದು ಸಮುದ್ರದ ಕೊಲ್ಲಿಯಲ್ಲಿ ನೆಟ್ಟಗೆ, ಜೋರಾಗಿ ಹೋಗುತ್ತದೆ, ಗಿಡ್ಡನೆಯದು ನಿಧಾನ, ಆದರೆ ಬೇಗ ಮಗುಚುವುದಿಲ್ಲ, ಹೊಳೆಯ ತಿರುವಿಗೆ ಅದೇ ಲಾಯಕ್ಕು ಎಂದು ಗುಜರಿಯವನು ವಿವರಿಸಿದ. ನೋಡಿ ಕೊಳ್ಳಲು ಅದೇನು ಸೀರೆಯೇ? ಮಾರಮ್ಮ ಎರಡನ್ನೂ ಕೆರೆಗೆ ಹೊರಿಸಿದಳು.

ನೀಲಿಯದರಲ್ಲಿ ಮುಂದೆ ಕೂತಳು. ಯೋಚಿಸಿ ಕೂತದ್ದಲ್ಲ. ಇಷ್ಟು ವರ್ಷ ಅವಳು ಮುಂದೆ, ಮರಿಯಣ್ಣ ಹಿಂದೆ. ದೋಣಿಯ ಮೂಗು ನೀರಿಗಿಳಿಯಿತು, ಬಾಲ ಮೇಲೆದ್ದಿತು. ಹುಟ್ಟು ಹಾಕಿದರೆ ಕುಡುಕನ ಹಾಗೆ ಪಕ್ಕಕ್ಕೆ ತಿರುಗಿತು. ಬರೀ ಜಾಗದ ಭಾರ ಎಷ್ಟೆಂದು ಅವಳಿಗೆ ಅವತ್ತು ಗೊತ್ತಾಯಿತು.

“ಹಿಂದ್ಗಡೆ ಒಂದು ಮರಳು ಮೂಟೆ ಇಟ್ಕಳಮ್ಮ, ಸರಿಹೋಯ್ತದೆ,” ದಡದಿಂದ ಗುಜರಿಯವನು ಕೂಗಿದ.

ಅವಳು ದಡಕ್ಕೆ ಬಂದು ಇಳಿದಳು. ಜೊತೆಗೆ ಬಂದಿದ್ದ ಸಿದ್ಧಾರ್ಥನಿಗೆ ಮಾತ್ರ ನೀಲಿಯದೇ ಇಷ್ಟ. ತಾನು ಭಾನುವಾರ ಬರುವುದಾಗಿ, ಮುಂದೆ ಯಾರಾದರೂ ಜೊತೆಯಾಗಬಹುದೆಂದು ಅವನು ಒತ್ತಾಯಿಸಿದ. ಹಟ್ಟಿಯ ಓದುಕೂಟದಲ್ಲಿ ಬೆಳೆದ ಹುಡುಗ, ಜನ ಬದಲಾಗುತ್ತಾರೆಂಬ ನಂಬಿಕೆ ಅವನಿಗೆ ಇನ್ನೂ ಇತ್ತು.

“ಭಾನ್ವಾರ ಒಂದಿನ ಉಣ್ಣಾಕಾಗ್ತದೇನ್ಲಾ?” ಎಂದಳು. “ಯಾರೋ ಬತ್ತಾರೆ ಅಂತ ಜಾಗ ಹಿಡ್ಕಂಡು ಕೂರಕ್ಕೆ ಇದೇನು ಬಸ್ಸಲ್ಲ.”

ಹಳದಿಯದರಲ್ಲಿ ಕೂತು ಹುಟ್ಟನ್ನು ತೊಡೆಯ ಮೇಲೆ ಅಡ್ಡ ಇಟ್ಟು, ಎರಡೂ ಕೈ ಬಿಟ್ಟು ಪಕ್ಕಕ್ಕೆ ವಾಲಿದಳು. ದೋಣಿ ಒಮ್ಮೆ ಕುಲುಕಿ ನಿಂತಿತು. ಬಲೆ ಎಳೆಯಲು ಅಷ್ಟು ಸಾಕಿತ್ತು. ಊರಿನ ಹಿನ್ನೀರಿನ ತುಂಬ ಮುಳುಗಿದ ತೋಟಗಳ ಮರದ ಮೋಟುಗಳು. ಅವುಗಳ ಸಂದಿಯಲ್ಲಿ ತಿರುಗಲೂ ಗಿಡ್ಡನೆಯದೇ ಸರಿ. ಆದರೂ ಕುಳಿಯ ಹಿಂದಿನ ಪ್ಲಾಸ್ಟಿಕ್ಕು ಬೆನ್ನಿಗೆ ತಣ್ಣಗೆ ತಾಗಿದಾಗ ಅವಳು ಒಂದು ಗಳಿಗೆ ತಿರುಗಿ ನೋಡಿದಳು.

ಹಳದಿ ದೋಣಿಯನ್ನು ಟೆಂಪೋ ಮೇಲೆ ಕಟ್ಟಿ ತಂದರು. ಹಳೇಬೀಡಿನ ಸ್ಟ್ಯಾಂಡಿನಲ್ಲಿ ಯಾರೋ, ಮಗು ಮೀಯಿಸುವ ದೋಣಿಯಾ ಎಂದು ನಕ್ಕರು.

ಮೊದಲ ದಿನ ದಡದಲ್ಲಿ ಸಂಘದವರು ಕುರ್ಚಿ ಹಾಕಿ ಕೂತಿದ್ದರು. ಇದು ಹರಿಗೋಲಲ್ಲ, ಇದಕ್ಕೆ ಪಾಸಿಲ್ಲ ಎಂದು ರೇವಣಸಿದ್ದಪ್ಪ ತಗಾದೆ ತೆಗೆದ. ಪಾಸು ನನ್ನ ಹೆಸರಿಗಿದೆ, ಬಿದಿರು ಬುಟ್ಟಿಯ ಹೆಸರಿಗಲ್ಲ ಎಂದು ಹೇಳಿ ಮಾರಮ್ಮ ನೀರಿಗಿಳಿದಳು. ಮೋಟುಗಳ ನಡುವೆ ಬಲೆ ಬಿಟ್ಟಳು, ಕಾದಳು, ಎಳೆದಳು. ಬಲೆಯ ಭಾರಕ್ಕೆ ದೋಣಿ ವಾಲಿ ಸೊಂಟದವರೆಗೂ ನೆನೆದಳು. ಮೀನು ಬಂತು. ಕುರ್ಚಿಯ ಮೇಲಿದ್ದವರು ಬೇರೆ ಹರಿಗೋಲಿನ ಕಡೆ ಮುಖ ತಿರುಗಿಸಿದರು. ಪಾಸು ಉಳಿಯಿತು.

ಆಮೇಲೆ ದಿನವೂ ಅವಳೊಬ್ಬಳೇ. ಹರಿಗೋಲುಗಳಿಂದ ಮಾತು, ನಗು, ಬೀಡಿಯ ಹೊಗೆ ನೀರಿನ ಮೇಲೆ ತೇಲಿ ಬರುತ್ತಿದ್ದವು. ಅವಳು ಬಾಯಿ ತೆರೆದರೆ ಕೇಳಲು ನೀರುಕಾಗೆಗಳಿದ್ದವು. ಸಂಜೆ ಮನೆಯಲ್ಲಿ ಮೊದಲ ಮಾತಾಡಿದಾಗ ಗಂಟಲು ಗೊಗ್ಗರಾಗಿರುತ್ತಿತ್ತು.

ಒಂದು ಬೆಳಿಗ್ಗೆ ಗಂಗಾಧರಯ್ಯ ದಡದಲ್ಲಿ ಅವಳಿಗಾಗಿ ನಿಂತಿದ್ದ. ಅತ್ತಿತ್ತ ನೋಡಿ ಹತ್ತಿರ ಬಂದ. ಮೊದಲ ದಿನಕ್ಕೆ ತಮ್ಮ ಬಂದು ಪಾಸು ಉಳಿಯಿತು, ಆಮೇಲೆ ತನಗೂ ಜೊತೆ ಸಿಗಲಿಲ್ಲ, ಮನೆಯಲ್ಲಿ ಕಷ್ಟ ಎಂದ. ಮಾತು ಸುಳ್ಳಾಗಿರಲಿಲ್ಲ, ಮುಖ ಸೊರಗಿತ್ತು.

“ನನ್ ಹರಿಗೋಲ್ಗೆ ಬತ್ತೀಯಾ ಮಾರವ್ವ? ನೀನು ಇದ್ರಲ್ಲೇ ಆ ಬಿದಿರುಮೆಳೆ ಹಿಂದ್ಕೆ ಬಂದ್ಬಿಡು. ಅಲ್ಲಿ ಹತ್ತಿಸ್ಕಂತೀನಿ. ಯಾರ್ಗೂ ಕಾಣಲ್ಲ.”

ಮಾರಮ್ಮನ ಎದೆ ಒಮ್ಮೆ ಹಾರಿತ್ತು. ಕೊನೆಯ ಮಾತಿಗೆ ಅದು ಇದ್ದ ಜಾಗಕ್ಕೇ ಬಂದು ಕೂತಿತು.

“ಬತ್ತೀನಿ. ಇಲ್ಲೇ ಹತ್ತುತೀನಿ, ಎಲ್ರ ಮುಂದೇನೇ. ತಗಂಬಾ ಹರಿಗೋಲ.”

ಅವನು ದಡದ ಮೇಲಿನ ಟೀ ಅಂಗಡಿ ನೋಡಿದ. ಅಲ್ಲಿ ಅವನ ಬೀದಿಯವರು ಲೋಟ ಹಿಡಿದು ಕೂತಿದ್ದರು. ಅವಳು ಕಾದಳು. ಬೇಕಾದ್ದಕ್ಕಿಂತ ಹೆಚ್ಚೇ ಕಾದಳು, ಕಾಲಿನ ಹತ್ತಿರ ದೋಣಿ ತಾನಾಗಿ ಅಲುಗಾಡುವವರೆಗೂ. ಆಮೇಲೆ ಸೀರೆ ಎತ್ತಿ ಕಟ್ಟಿ, ಕುಳಿಯಲ್ಲಿ ಕೂತು, ಹುಟ್ಟಿನಿಂದ ದಡವನ್ನು ಹಿಂದಕ್ಕೆ ತಳ್ಳಿದಳು.