ಬರೀ ಒಂದು ಸೂಜಿ

ತಪ್ಪು ಅಕ್ಕನದೇ. ತಮ್ಮನ ತೊಡೆಮೂಳೆಯಲ್ಲಿ, ಮಂಡಿಯ ತುಸು ಮೇಲೆ, ಗಡ್ಡೆಯಿದೆ ಎಂದಾಗ ಅಮ್ಮ ಅನ್ನನೀರು ಬಿಟ್ಟು ಕೂತಿದ್ದಳು. ಅವಳ ಸಮಾಧಾನಕ್ಕೆಂದು ಅಕ್ಕ ಒಂದೇ ಮಾತು ಜಪಿಸಿದಳು: ಕೊಯ್ಯುವುದಿಲ್ಲ, ಬರೀ ಒಂದು ಸೂಜಿ.

ಮಾತು ಸುಳ್ಳೇನಲ್ಲ. ಮೂಗಿನ ತುದಿಯಲ್ಲಿರುವಂಥ ಮೆತ್ತನೆಯ ಎಲುಬು ಗಟ್ಟಿ ಮೂಳೆಯೊಳಗೆ ಗಂಟಾಗಿ ಬೆಳೆದಿತ್ತು, ನಿಧಾನವಾಗಿ ಬೆಳೆಯುವ ಜಾತಿಯದು. ಡಾಕ್ಟರು ಸ್ಕ್ಯಾನ್ ನೋಡಿಕೊಂಡೇ ಅದರ ನಡುವಿಗೆ ಸೂಜಿ ಇಳಿಸಿ, ತುದಿ ಕಾಯಿಸಿ, ಇದ್ದಲ್ಲೇ ಸುಟ್ಟರು. ಮಾರನೆಯ ದಿನ ಮನೆಗೆ ಕಳಿಸಿದರು. ಆದರೆ ಸುಟ್ಟ ಜಾಗ ಗಟ್ಟಿಯಾಗುವ ತನಕ ಊರುಗೋಲಿಲ್ಲದೆ ಕಾಲೂರಬಾರದು, ಮೂಳೆ ಮುರಿದರೆ ತೊಡೆ ಸೀಳಿ ಕಂಬಿ ಹಾಕಬೇಕಾದೀತು ಎಂದಿದ್ದರು. ಅದನ್ನು ತಪ್ಪಿಸಲೆಂದೇ ತಾನೆ ಇಷ್ಟೆಲ್ಲ ಮಾಡಿದ್ದು?

ತಮ್ಮ ಟೈಲ್ಸ್ ಹಾಕುವವನು. ಕೆಲಸದಲ್ಲಿ ಬಲು ಕಟ್ಟುನಿಟ್ಟು. ಹೊಸ ನೆಲ ಹಾಸಿದರೆ ಬಾಗಿಲಿಗೆ ಅಡ್ಡವಾಗಿ ಕೆಂಪು ದಾರ ಕಟ್ಟಿಯೇ ಬರುವುದು. ಮೇಲೆ ಎಷ್ಟೇ ಹೊಳೆಯಲಿ, ಅಡಿಯ ಸಿಮೆಂಟು ಹಸಿ. ದಾರ ದಾಟಿದ ಮನೆಯೊಡೆಯರ ಜೊತೆ ಅವನು ಜಗಳ ಕಾದದ್ದನ್ನು ಕೇಳಿ ಕೇಳಿ ಮನೆಯವರ ಕಿವಿ ತೂತಾಗಿತ್ತು.

ಇಂಥವನು ಮನೆಗೆ ಬಂದ ಮರುದಿನವೇ ಊರುಗೋಲನ್ನು ಮೂಲೆಗೆ ಒರಗಿಸಿ ಬಿಟ್ಟ. ಬೆಳಿಗ್ಗೆ ಗೋಡೆ ಹಿಡಿದು ನಡೆದ, ಮಧ್ಯಾಹ್ನ ಗೋಡೆಯನ್ನೂ ಬಿಟ್ಟ. ಅಕ್ಕ ಬೈದಳು, ಬೇಡಿಕೊಂಡಳು, ಗಂಟಲು ಹರಿದುಕೊಂಡಳು. ಅವನು ಚಡ್ಡಿ ಸರಿಸಿ ಪುಟ್ಟ ಪಟ್ಟಿ ತೋರಿಸಿದ.

"ಸೊಳ್ಳೆ ಕಚ್ಚಿದ್ರೂ ಇದಕ್ಕಿಂತ ಊದುತ್ತೆ ಕಣೇ. ಬರೀ ಸೂಜಿ ಅಂತ ನೀನೇ ಡಂಗುರ ಹೊಡೆದೆಯಲ್ಲ?"

ಅಮ್ಮನೂ ಅವನ ಕಡೆಯೇ. ಸೂಜಿ ಚುಚ್ಚಿದ್ದಕ್ಕೆಲ್ಲ ಮಗನನ್ನು ಮೂಲೆಗೆ ಕೂರಿಸುವುದೇ ಎಂದು ಗೊಣಗಿದಳು. ಅಕ್ಕನಿಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಯಿತು.

ಸಂಜೆ ಅವನು ಮೇಸ್ತ್ರಿಗೆ ಫೋನು ಮಾಡಿ, ನಾಳೆಯೇ ಕೆಲಸಕ್ಕೆ ಬರುತ್ತೇನೆ ಎಂದದ್ದು ಕೇಳಿಸಿತು. ಈ ಸಲ ಅಕ್ಕ ಸೀದಾ ಹೋಗಿ ಅವನ ಕೆಲಸದ ಚೀಲಕ್ಕೆ ಕೈಹಾಕಿದಳು.

ಬೆಳಿಗ್ಗೆ ಎದ್ದು ಹೊರಟವನು ಕೋಣೆಯ ಬಾಗಿಲಲ್ಲೇ ನಿಂತ. ಮಂಡಿಯೆತ್ತರಕ್ಕೆ ಕೆಂಪು ದಾರ. ಆಚೆಗೆ ಅಕ್ಕ, ಕೈಯಲ್ಲಿ ಊರುಗೋಲು.

"ಇದು ನನ್ ದಾರ."

"ಹೌದು. ಅಡೀಲಿ ಇನ್ನೂ ಹಸಿ. ದಾಟ್ತೀಯಾ, ದಾಟು."

ಅವನು ಅವಳನ್ನು ದುರುಗುಟ್ಟಿ ನೋಡಿದ. ದಾರವನ್ನು ನೋಡಿದ. ಕಾಲು ಮಾತ್ರ ಏಳಲಿಲ್ಲ.

ಅಷ್ಟರಲ್ಲಿ ಅಮ್ಮ ಕಾಫಿ ಹಿಡಿದು ಬಂದವಳು, ಇದ್ಯಾವ ಹೊಸ ಆಟ ಎನ್ನುತ್ತಾ ದಾರ ದಾಟಿ ಕೋಣೆಯೊಳಗೆ ಕಾಲಿಟ್ಟೇಬಿಟ್ಟಳು.

"ದಾರ ಕಟ್ಟಿರೋದು ಕಾಣಲ್ವೇನಮ್ಮಾ?" ಎಂದು ತಮ್ಮ ಗದರಿದ. ಗದರಿದ ಮೇಲೆ ತಾನೇ ಪೆಚ್ಚಾಗಿ, ಅಕ್ಕನ ಮುಖ ನೋಡದೆ, ಊರುಗೋಲಿಗೆ ಕೈಚಾಚಿದ.